24 ಸೆಂ.ಮೀ. ಪಟ್ಟಿಯಲ್ಲಿ ಭಿನ್ನರಾಶಿ: ನನ್ನ ಅನುಭವ

ಐದನೇ ತರಗತಿಯ ಮಕ್ಕಳಿಗೆ 1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿ ನೋಡಿ. ನನ್ನ ತರಗತಿಯಲ್ಲಂತೂ 1/4 ಅನ್ನುವವರೇ ಜಾಸ್ತಿ. ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ವಾ, ಅದೇ ಅವರ ಲೆಕ್ಕ. ಇದು ದಡ್ಡತನ ಖಂಡಿತ ಅಲ್ಲ. ನಾಲ್ಕು ವರ್ಷ ನಾವೇ ಅವರಿಗೆ ಹಾಗೆ ಕಲಿಸಿದ್ದೇವೆ.

ಮೊದಮೊದಲು ನಾನು ನೇರವಾಗಿ ಓರೆ ಗುಣಾಕಾರ (ಒಂದರ ಮೇಲಿನ ಸಂಖ್ಯೆಯನ್ನು ಇನ್ನೊಂದರ ಕೆಳಗಿನ ಸಂಖ್ಯೆಯಿಂದ ಗುಣಿಸಿ ಹೋಲಿಸೋದು) ಹೇಳಿಕೊಡುತ್ತಿದ್ದೆ. ಉತ್ತರ ಸರಿ ಬರುತ್ತಿತ್ತು, ಆದರೆ ಯಾಕೆ ಅಂತ ಕೇಳಿದರೆ ಮಕ್ಕಳು ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಆಮೇಲೆ ಚಪಾತಿ ಚಿತ್ರ ಬರೆಸಿದೆ. ಅರ್ಧ, ಕಾಲು, ಮುಕ್ಕಾಲು ಸಲೀಸು. ಆದರೆ ದುಂಡಗಿನ ಚಿತ್ರವನ್ನು ಕೈಯಲ್ಲೇ ಸಮನಾಗಿ ಮೂರು ಭಾಗ ಮಾಡೋದು ದೊಡ್ಡವರಿಗೂ ಕಷ್ಟ. ಒಂದು ತುಂಡು ದೊಡ್ಡದು, ಒಂದು ಚಿಕ್ಕದು ಆಗಿ, ಚಿತ್ರ ನೋಡಿ ಹೋಲಿಸಿದರೆ ಉತ್ತರವೇ ತಪ್ಪುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ಕಾಗದದ ಪಟ್ಟಿ. ಹಳೇ ಕ್ಯಾಲೆಂಡರ್ ಹಾಳೆ, 24 ಸೆಂ.ಮೀ. ಉದ್ದ, ಎರಡು ಬೆರಳು ಅಗಲ. 24 ಯಾಕೆ ಅಂದ್ರೆ ಅದನ್ನು 2, 3, 4, 6, 8 ಯಾವುದರಿಂದ ಭಾಗಿಸಿದರೂ ಏನೂ ಉಳಿಯೋದಿಲ್ಲ, ಸ್ಕೇಲ್ ಇಟ್ಟು ಗೆರೆ ಎಳೆದರೆ ಸಾಕು. ಅರ್ಧ 12, 1/3 ಅಂದ್ರೆ 8, ಕಾಲು 6, 1/8 ಬರೀ 3. ಛೇದ, ಅಂದ್ರೆ ಕೆಳಗಿನ ಸಂಖ್ಯೆ, ದೊಡ್ಡದಾದಷ್ಟೂ ತುಂಡು ಚಿಕ್ಕದು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಎಲ್ಲರ ಪಟ್ಟಿಯೂ ಒಂದೇ ಉದ್ದ ಇರಬೇಕು, ಅದನ್ನು ಮಾತ್ರ ಮರೆಯಬೇಡಿ. ದೊಡ್ಡ ಹೋಳಿಗೆಯ ಕಾಲು ಭಾಗ ಚಿಕ್ಕ ಹೋಳಿಗೆಯ ಅರ್ಧಕ್ಕಿಂತ ಜಾಸ್ತಿ ಇರಬಹುದಲ್ಲ.

ನಿಜವಾದ ತೊಡಕು ಬಂದದ್ದು 5/6 ಮತ್ತು 7/8ರಲ್ಲಿ. "ಎರಡೂ ಸಮ ಮಿಸ್, ಎರಡಕ್ಕೂ ಇನ್ನೊಂದೇ ಬೇಕು" ಅಂದಳು ಒಬ್ಬ ಹುಡುಗಿ. ನನಗೆ ಖುಷಿಯಾಯಿತು, ಯಾಕಂದ್ರೆ ಅವಳು ನೋಡುತ್ತಿದ್ದ ಜಾಗ ಸರಿಯಾಗಿತ್ತು. "ಆ ಇನ್ನೊಂದು ಎಷ್ಟು ಉದ್ದ ಪುಟ್ಟಿ?" ಅಂತ ಕೇಳಿದೆ. ಎರಡು ಪಟ್ಟಿಗೂ ಬಣ್ಣ ಹಚ್ಚಿ ಪಕ್ಕಪಕ್ಕ ಇಟ್ಟಳು. ಒಂದರಲ್ಲಿ 4 ಸೆಂ.ಮೀ. ಖಾಲಿ, ಇನ್ನೊಂದರಲ್ಲಿ 3. ಸ್ವಲ್ಪ ಹೊತ್ತು ಬೆರಳು ಆ ಖಾಲಿ ಜಾಗದ ಮೇಲೇ ಇತ್ತು. "ಕಮ್ಮಿ ಖಾಲಿ ಇರೋದೇ ದೊಡ್ಡದು ಮಿಸ್, 7/8." ಮಾರನೇ ದಿನ 9/10, 11/12 ಕೊಟ್ಟಾಗ ಯಾರೂ ಪಟ್ಟಿ ಕೇಳಲಿಲ್ಲ.

3/7, 5/9 ಥರದ್ದಕ್ಕೆ ಅರ್ಧವೇ ಅಳತೆಗೋಲು. ಒಂದು ಅರ್ಧಕ್ಕಿಂತ ಕಮ್ಮಿ, ಒಂದು ಜಾಸ್ತಿ, ಮುಗೀತು.

ಆದರೆ 3/5 ಮತ್ತು 4/7? ಎರಡೂ ಅರ್ಧಕ್ಕಿಂತ ಜಾಸ್ತಿ. ಉಳಿದದ್ದು 2/5, 3/7, ಅದನ್ನು ಹೋಲಿಸೋದೂ ಅಷ್ಟೇ ಕಷ್ಟ. 24ರ ಪಟ್ಟಿ ಐದಕ್ಕೂ ಸರಿಹೋಗಲ್ಲ, ಏಳಕ್ಕೂ ಇಲ್ಲ. ಹಾಗಾದ್ರೆ ಎಷ್ಟು ಉದ್ದದ ಪಟ್ಟಿ ಬೇಕು ಅಂತ ಕೇಳಿ ಸುಮ್ಮನೆ ಕೂತೆ. ಹಿಂದಿನ ಬೆಂಚಿನಿಂದ "ಮೂವತ್ತೈದು" ಅಂತ ಬಂತು. 30ರ ಸ್ಕೇಲ್ ಸಾಲದೆ ಎರಡು ಸಲ ಇಟ್ಟು ಅಳೆದರು. ಒಂದು 21, ಇನ್ನೊಂದು 20. ಒಂದೇ ಒಂದು ಸೆಂಟಿಮೀಟರ್ ವ್ಯತ್ಯಾಸ! 21/35, 20/35 ಅಂತ ಬರೆದು, 'ಸಮಛೇದ' ಅನ್ನೋ ಪದವನ್ನು ಆ ವರ್ಷ ಅವತ್ತೇ ಮೊದಲ ಸಲ ಬೋರ್ಡಿನ ಮೇಲೆ ಬರೆದೆ.