ಒಗೆದ ಮೇಲೆ ಕೌದಿ ಸುಕ್ಕಾಗುತ್ತಿದ್ದದ್ದು ಹೀಗೆ ನಿಂತಿತು

ಪುಣೆಯಲ್ಲಿ ಹೋಳಿ ಹೊತ್ತಿಗೆ ಬಿಸಿಲು ಚುರುಕಾಗುತ್ತದೆ, ಕೌದಿ ಒಗೆಯಲು ಅದೇ ಸಮಯ. ನಾನು ಹೊಲಿದ ಎರಡು ಕೌದಿಗಳೂ ಮೊದಲ ಒಗೆತಕ್ಕೇ ಸುಕ್ಕುಗಟ್ಟಿದವು. ಕೆಂಪು ತುಂಡಿನ ಬಣ್ಣ ಪಕ್ಕದ ಬಿಳಿಗೆ ಹತ್ತಿತು. ಇಸ್ತ್ರಿ ಮಾಡಿದೆ, ಉಪ್ಪುನೀರಲ್ಲಿ ನೆನೆಸಿದೆ, ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ. ಆಗಲಿಲ್ಲ.

ತಪ್ಪಿದ್ದದ್ದು ಬಟ್ಟೆಯಲ್ಲಿ. ಹಳೇ ಸೀರೆ ಆಗಲೇ ಕುಗ್ಗಿರುತ್ತದೆ, ಹೊಸ ಹತ್ತಿ ಬಟ್ಟೆ ಇನ್ನೂ ಕುಗ್ಗಬೇಕು. ಎರಡನ್ನೂ ಸೇರಿಸಿ ಹೊಲಿದರೆ ಎಳೆಯುತ್ತದೆ ಅಲ್ವಾ? ಈಗ ಹೊಸ ತುಂಡುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ, ಬಿಸಿನೀರಲ್ಲಿ 1 ಗಂಟೆ ನೆನೆಸುತ್ತೇನೆ. ನೀರು ತಿಳಿಯಾಗುವವರೆಗೂ ಜಾಲಿಸುತ್ತೇನೆ. ಕೆಂಪಿಗೆ 5 ಸಲ ಬೇಕಾಯಿತು. ಹಿತ್ತಲಲ್ಲಿ ದಾಸವಾಳದ ನೆರಳಿಗೆ ಒಣಗಿಸಿ, ಇಸ್ತ್ರಿ ಹಾಕಿ, ಆಮೇಲಷ್ಟೇ ಕತ್ತರಿ. ಪದರಗಳಿಗೆ ನಡುವಿನಿಂದ ಅಂಚಿನ ಕಡೆಗೆ 4 ಇಂಚಿಗೊಂದು ಕಚ್ಚಾ ಹೊಲಿಗೆ, ನಂತರ ಗಟ್ಟಿ ಹೊಲಿಗೆ. ಮೂರನೇ ಕೌದಿ 4 ಸಲ ಒಗೆದರೂ ಸಮವಾಗಿಯೇ ಇದೆ.