ಆಪರೇಷನ್‌ಗೆ ದುಡ್ಡು ಎತ್ತುವ ಮುನ್ನ ಮಾಡಬೇಕಾದ್ದು

ವಾಟ್ಸಾಪ್ ಗ್ರೂಪಿಗೆ ಕ್ಯೂಆರ್ ಕೋಡ್ ಹಾಕುವುದು ಕೊನೆಯ ಕೆಲಸ. ಮೊದಲು ಎತ್ತಬೇಕಾದ ಮೊತ್ತವನ್ನೇ ಇಳಿಸಬೇಕು.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ) ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಅಸ್ಸಾಮಿನಿಂದ ಕೊಡಗಿನ ತೋಟದ ಕೆಲಸಕ್ಕೆ ಬಂದವರ ಬಳಿ ಊರಿನ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಇಲ್ಲಿಯೂ ನಡೆಯುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ. ತುರ್ತಲ್ಲದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಎಡವುವುದು ಇಲ್ಲೇ: ಮಡಿಕೇರಿ ಜಿಲ್ಲಾಸ್ಪತ್ರೆಗೆ ಹೋಗದೆ ನೇರವಾಗಿ ಮೈಸೂರಿಗೋ ಮಂಗಳೂರಿಗೋ ಓಡಿ, ಖಾಸಗಿ ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿಬಿಡುತ್ತಾರೆ. ಆಮೇಲೆ ಯೋಜನೆಗೆ ಸೇರಿಸುವುದು ಹರಸಾಹಸ. ದಾಖಲಾಗುವ ಮೊದಲೇ ಆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಿ.

ಇಷ್ಟಾದ ಮೇಲೂ ಉಳಿದ ಕೊರತೆಗೆ ಮಾತ್ರ ಕೈಚಾಚಿ. ಲೆಟರ್‌ಹೆಡ್ಡಿನಲ್ಲಿ ವೈದ್ಯರ ಸಹಿ, ಸೀಲು, ದಿನಾಂಕ ಇರುವ ಎಸ್ಟಿಮೇಟ್ ಪಡೆಯಿರಿ. ಅದರಲ್ಲಿ ಸೇರದ ಖರ್ಚನ್ನು ಬೇರೆ ಬರೆಯಿರಿ: ಡಿಸ್ಚಾರ್ಜ್ ನಂತರದ ಔಷಧಿ, ಜೊತೆಗಿರುವವರ ಊಟ-ವಸತಿ, ತಪಾಸಣೆಗೆ ಮತ್ತೆ ಮತ್ತೆ ಹೋಗಿಬರುವ ಬಾಡಿಗೆ. ಕಿಡ್ನಿ ಕಸಿಯಾದರೆ ಮಾತ್ರೆ ಜೀವನಪರ್ಯಂತ. ಆಪರೇಷನ್ ದುಡ್ಡಷ್ಟೇ ಎತ್ತಿ ನಿಲ್ಲಿಸಿದರೆ ಆರು ತಿಂಗಳಲ್ಲಿ ಮತ್ತೆ ಕೇಳಬೇಕಾಗುತ್ತದೆ, ಎರಡನೇ ಸಲ ಜನ ಕೊಡುವುದು ಕಡಿಮೆ.

ಖಾತೆಯ ವಿಷಯದಲ್ಲಿ ಎಚ್ಚರ. ಪೂರ್ತಿ ಕೆವೈಸಿ ಆಗದ ‘ಸಣ್ಣ ಖಾತೆ’ಗೆ ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮೆ ಆಗುವಂತಿಲ್ಲ, 50,000ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ತಿಂಗಳಿಗೆ ತೆಗೆಯಬಹುದಾದ್ದು 10,000. ಹಣ ಬರತೊಡಗಿದ ಹೊತ್ತಿಗೆ ಖಾತೆ ಕೈಕೊಡುತ್ತದೆ. ಆಧಾರ್, ಪ್ಯಾನ್ ಕೊಟ್ಟು ಮೊದಲೇ ಸರಿಮಾಡಿಸಿ. ಆನ್‌ಲೈನಿನಲ್ಲಿ ದೇಣಿಗೆ ಎತ್ತುವ ಮಿಲಾಪ್, ಕೆಟ್ಟೊದಂಥ ತಾಣಗಳಲ್ಲಿ ಹಣ ನೇರ ಆಸ್ಪತ್ರೆಗೆ ಹೋಗುವ ದಾರಿ ಇದ್ದರೆ ಅದನ್ನೇ ಆರಿಸಿ. ಕೊಡುವವರ ಪರದೆಯಲ್ಲಿ ತಾಣಕ್ಕೆ ಹೋಗುವ ‘ಟಿಪ್’ ಮೊದಲೇ ಸೇರಿರಬಹುದು. ಅದು ಕಡ್ಡಾಯವಲ್ಲ ಎಂದು ಮನವಿಯಲ್ಲೇ ಬರೆಯಿರಿ.

ಅಳುವ ಸಂಗೀತ ಹಾಕಿದ ವಿಡಿಯೊಗಿಂತ ಸೀಲು ಬಿದ್ದ ಎಸ್ಟಿಮೇಟಿಗೆ ಬೆಲೆ ಹೆಚ್ಚು. ಅದರಲ್ಲಿರುವ ಆಧಾರ್ ಸಂಖ್ಯೆ, ಫೋನ್ ನಂಬರ್ ಮುಚ್ಚಿ ಹಾಕಿ. ಫೋಟೊ ಮೇಲೆ ರೋಗಿಯ ಹೆಸರು, ದಿನಾಂಕ ಅಚ್ಚೊತ್ತಿ. ಇಲ್ಲದಿದ್ದರೆ ಅದೇ ಫೋಟೊಗೆ ಬೇರೆ ಕ್ಯೂಆರ್ ಅಂಟಿಸಿ ದುಡ್ಡು ಹೊಡೆಯುವವರಿದ್ದಾರೆ. ಸಂಘ, ಸಮಾಜ, ಸಹಕಾರ ಸಂಘಗಳಿಗೆ ಮನವಿಯನ್ನು ಕಾಗದದಲ್ಲೇ ಕೊಡಿ. ಕಾಫಿ ಮಾರಿದ ಮೇಲೆ ಬೆಳೆಗಾರರ ಕೈಯಲ್ಲಿ ಹಣ ಓಡಾಡುತ್ತದೆ. ಮಳೆಗಾಲದಲ್ಲಿ ಕೈಯೂ ಬಿಗಿ, ನೆಟ್‌ವರ್ಕೂ ಇಲ್ಲ. ಆಪರೇಷನ್ ಮುಂದೂಡಬಹುದಾದ್ದಾದರೆ ವೈದ್ಯರನ್ನು ಕೇಳಿ ಹೊತ್ತು ನೋಡಿ.

ಗುರಿ ತಲುಪಿದ ದಿನವೇ ಕ್ಯೂಆರ್ ನಿಲ್ಲಿಸಿ. ಹಣ ಮಿಕ್ಕರೆ, ಅಥವಾ ರೋಗಿ ಉಳಿಯದಿದ್ದರೆ, ಅದು ಯಾರಿಗೆ ಹೋಗುತ್ತದೆಂದು ಮೊದಲ ಮನವಿಯಲ್ಲೇ ಒಂದು ಸಾಲು ಬರೆದಿರಲಿ.