ಮೊದಲು ಊಹೆ, ಆಮೇಲೆ ಉತ್ತರ: ಅಚ್ಚರಿ ಸಂಗತಿಗಳ ಮುಕ್ಕಾಲು ಗಂಟೆ

ಗಣೇಶನ ಪೆಂಡಾಲಿನಲ್ಲಿ ಮಂಗಳಾರತಿ ಮುಗಿದು ಆರ್ಕೆಸ್ಟ್ರಾ ಶುರುವಾಗುವ ನಡುವಿನ ಹೊತ್ತಿಗೆ, ಇಲ್ಲವೇ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅತಿಥಿಗಳು ಬರುವುದು ತಡವಾದಾಗ, ಅಚ್ಚರಿಯ ಸಂಗತಿಗಳ ಕಾರ್ಯಕ್ರಮ ಚೆನ್ನಾಗಿ ಹೊಂದುತ್ತದೆ. ಒಂದು ಮೈಕು, ದಪ್ಪ ಮಾರ್ಕರ್, ಹತ್ತು ಡ್ರಾಯಿಂಗ್ ಶೀಟು, ಒಂದಷ್ಟು ಹಳೇ ಪೇಪರು ಇದ್ದರೆ ಸಾಕು. ಆದರೂ ಬಹಳ ಕಡೆ ಇದು ಜಿ.ಕೆ. ಕ್ಲಾಸಿನಂತಾಗಿ ಜನ ಎದ್ದು ಹೋಗುತ್ತಾರೆ. ನಿರೂಪಕರು ಉತ್ತರವನ್ನು ಮೊದಲೇ ಹೇಳಿಬಿಡುವುದೇ ಇದಕ್ಕೆ ಕಾರಣ. ‘ನಿಮಗೆ ಗೊತ್ತೇ?’ ಎಂದು ಶುರುಮಾಡಿ ತಾವೇ ಮುಗಿಸಿದರೆ ಕೇಳುವವರು ‘ಹೌದಾ’ ಎಂದು ಫೋನಿಗೆ ಮರಳುತ್ತಾರೆ. ಒಂದು ಪಕ್ಷ ಹಿಡಿದು ಕೈಯೆತ್ತಿದವರು ಮಾತ್ರ ಉತ್ತರ ಬರುವವರೆಗೂ ಕಾಯುತ್ತಾರೆ.

ಸಂಗತಿಗಳ ಆಯ್ಕೆ

ಮುಕ್ಕಾಲು ಗಂಟೆಗೆ ಹನ್ನೆರಡು ಸಾಕು, ಮೇಲೆ ಎರಡು ಕೈಕಾವಲಿಗೆ. ಜನರಿಗೆ ಈಗಾಗಲೇ ಒಂದು ಅಭಿಪ್ರಾಯವಿರುವ ವಿಷಯವನ್ನೇ ಆರಿಸಿ. ಯಾರೂ ಹೆಸರು ಕೇಳದ ಸಮುದ್ರಜೀವಿಯ ಬಗ್ಗೆ ಏನು ಹೇಳಿದರೂ ನಂಬುತ್ತಾರೆ, ಆದರೆ ಅಚ್ಚರಿಪಡುವುದಿಲ್ಲ.

ಊರಿನ ಸಂಗತಿಗಳಿಗೆ ಬೆಲೆ ಹೆಚ್ಚು, ಅಪಾಯವೂ ಹೆಚ್ಚು. ‘ಕರೆಂಟ್ ಮೊದಲು ಬಂದದ್ದು ಬೆಂಗಳೂರಿಗೋ ಕೆಜಿಎಫ್‌ಗೋ?’ ಎಂದು ಚಿಂತಾಮಣಿಯಲ್ಲಿ ಕೇಳಿದರೆ ಬಹಳಷ್ಟು ಕೈಗಳು ಬೆಂಗಳೂರಿಗೇ ಏಳುತ್ತವೆ. ಶಿವನಸಮುದ್ರದ ವಿದ್ಯುತ್ ಚಿನ್ನದ ಗಣಿ ಸೇರಿದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಇದನ್ನೇ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕೇಳಿದರೆ ನೀರಸವಾಗುತ್ತದೆ. ಅಲ್ಲಿ ಮಕ್ಕಳಿಗೂ ಗೊತ್ತು. ಅಲ್ಲಿಗೆ ಬೇರೆ ಪ್ರಶ್ನೆ ಬೇಕು: ‘1965ರಲ್ಲಿ ನಿಮ್ಮ ಗಣಿಯೊಳಗೆ ಚಿನ್ನ ಬಿಟ್ಟು ಇನ್ನೇನು ಸಿಕ್ಕಿತು?’ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ವಿಜ್ಞಾನಿಗಳಿಗೆ ಮೊದಲು ಸಿಕ್ಕ ಜಾಗಗಳಲ್ಲಿ ಆ ಗಣಿಯೂ ಒಂದು. ಅಷ್ಟು ಆಳಕ್ಕೆ ಇಳಿದದ್ದೇಕೆ ಎಂಬುದನ್ನೂ ಹೇಳಿ: ಮೇಲಿನ ಬಂಡೆ ಉಳಿದ ಕಣಗಳನ್ನು ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ತೂರಿ ಬರುತ್ತದೆ.

ಬರೀ ಸಂಖ್ಯೆ ತಲೆಗೆ ಹತ್ತುವುದಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಎಂದರೆ ಯಾರ ಕಣ್ಣಿಗೂ ಕಟ್ಟದು. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಅದರ ಎರಡರಷ್ಟನ್ನು ಒಳಗಿಳಿಸಿದರೂ ಗಣಿ ತುಂಬುವುದಿಲ್ಲ ಎನ್ನಿ. ಶಿಡ್ಲಘಟ್ಟದಲ್ಲಾದರೆ ಒಂದು ರೇಷ್ಮೆಗೂಡು ಹಿಡಿದು ‘ಇದರಲ್ಲಿ ಎಷ್ಟು ಮೀಟರ್ ನೂಲಿದೆ?’ ಎಂದು ಕೇಳಿ. ಒಳ್ಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಕೊಡುವ ತಳಿಯ) ಗೂಡಿನ ಒಂದೇ ಎಳೆ ಒಂದು ಕಿ.ಮೀ. ದಾಟುತ್ತದೆ. ಉತ್ತರವನ್ನು ನೀವು ಹೇಳಬೇಡಿ. ಸಭೆಯಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ಇದ್ದೇ ಇರುತ್ತಾರೆ, ಮೈಕು ಅವರ ಕೈಗೆ ಕೊಡಿ.

ಪರೀಕ್ಷೆ

ಒಂದನ್ನೊಂದು ನಕಲು ಮಾಡದ ಎರಡು ಕಡೆ ಸಿಗದ ಸಂಗತಿಯನ್ನು ಕೈಬಿಡಿ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಮೊದಲು ಅನುಮಾನಿಸಿ: ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ‘ಅತ್ಯುತ್ತಮ’ ಎಂದು ಘೋಷಿಸಿದ್ದು ಸುಳ್ಳು, ನಾವು ಮೆದುಳಿನ ಶೇ 10 ಮಾತ್ರ ಬಳಸುತ್ತೇವೆ ಎಂಬುದೂ ಸುಳ್ಳು. ಇವನ್ನು ಎಸೆಯಬೇಡಿ; ‘ನಿಜವೋ ಸುಳ್ಳೋ’ ಸುತ್ತಿಗೆ ಇವೇ ಬಂಡವಾಳ.

ಅರ್ಧ ನಿಜಗಳು ಇನ್ನೂ ತೊಂದರೆ. ‘ಶುಕ್ರಗ್ರಹದಲ್ಲಿ ವರ್ಷಕ್ಕಿಂತ ದಿನವೇ ದೊಡ್ಡದು’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನ, ಸೂರ್ಯನನ್ನು ಸುತ್ತಲು 225 ದಿನ ಬೇಕು, ಅಲ್ಲಿಯವರೆಗೆ ಸರಿ. ಆದರೆ ದಿನವೆಂದರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಂದು ಹಿಡಿದರೆ ಅಲ್ಲಿ ಸುಮಾರು 117 ದಿನ ಅಷ್ಟೇ. ಸಭೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು ಇದ್ದರೆ ಎದ್ದು ನಿಲ್ಲುವುದು ಖಂಡಿತ. ‘ಒಮ್ಮೆ ತಿರುಗಲು’ ಎಂಬ ಎರಡು ಪದ ಸೇರಿಸಿಕೊಂಡರೆ ಬಚಾವ್.

ಒಂದು ಸಂಗತಿಗೆ ಒಂದು ಕಾರ್ಡ್. ಮುಂದೆ ಪ್ರಶ್ನೆ, ಎರಡು ಆಯ್ಕೆ, ಉತ್ತರ, ಕಾರಣ. ಹಿಂದೆ ಎಲ್ಲಿ ಓದಿದ್ದು ಎಂಬುದು. ಪ್ರಶ್ನೆ ಒಂದೇ ಉಸಿರಿನಲ್ಲಿ ಮುಗಿಯಬೇಕು. ಗಡಿಯೂರುಗಳಲ್ಲಿ ಅದನ್ನೇ ತೆಲುಗಿನಲ್ಲೂ ಒಂದು ಸಲ ಹೇಳಿಬಿಡಿ. ಹಿಂದಿನ ಸಾಲಿನ ಹಿರಿಯರು ಆಗಲೇ ಆಟಕ್ಕಿಳಿಯುತ್ತಾರೆ.

ಮಾಡಿ ತೋರಿಸುವ ಎರಡು

ಮೂರು ನಾಲ್ಕು ಪ್ರಶ್ನೆಗೊಮ್ಮೆ ಜನರನ್ನು ಅಲುಗಾಡಿಸುವ ಏನಾದರೂ ಬೇಕು. ಒಬ್ಬ ಹುಡುಗನನ್ನು ಕರೆದು ಪೇಪರಿನ ದೊಡ್ಡ ಹಾಳೆ ಕೊಟ್ಟು, ಮಡಚಿದ್ದನ್ನೇ ಮತ್ತೆ ಅರ್ಧಕ್ಕೆ ಮಡಚುತ್ತಾ ಹೋಗಲು ಹೇಳಿ. ಎಷ್ಟು ಸಲ ಆದೀತು ಎಂದು ಸಭೆ ಮೊದಲು ಕೂಗಲಿ. ಆರೇಳಕ್ಕೆ ನಿಲ್ಲುತ್ತದೆ, ಏಕೆಂದರೆ ಏಳನೆಯದಕ್ಕೆ 128 ಪದರ. ಈಗ ಲೆಕ್ಕ: ಝೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಹತ್ತು ಮಡಿಕೆಗೆ 10 ಸೆಂ.ಮೀ., ಇಪ್ಪತ್ತಕ್ಕೆ 105 ಮೀಟರ್, ಇಪ್ಪತ್ತೇಳಕ್ಕೆ ಎವರೆಸ್ಟ್ ದಾಟಿ 13 ಕಿ.ಮೀ. ‘ಚಂದ್ರನಿಗೆ ಎಷ್ಟು ಬೇಕು?’ ಎಂದು ಕೇಳಿ ಸುಮ್ಮನಿರಿ. ಲಕ್ಷಗಟ್ಟಲೆ ಕೂಗುತ್ತಾರೆ. ನಲವತ್ತೆರಡು: 4.4 ಲಕ್ಷ ಕಿ.ಮೀ. ಚಂದ್ರನಿರುವುದು ಸರಾಸರಿ 3.84 ಲಕ್ಷ ಕಿ.ಮೀ. ದೂರದಲ್ಲಿ.

ಇನ್ನೊಂದು ಹುಟ್ಟುಹಬ್ಬದ ಆಟ. 23 ಜನರಿದ್ದರೆ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. 50 ಜನರಿದ್ದರೆ ಶೇ 97. ಮುಂದಿನ 60 ಜನರನ್ನು ಗುರುತಿಸಿ, ತಿಂಗಳ ಪ್ರಕಾರ ಕೈಯೆತ್ತಿಸಿ, ತಾರೀಖು ಕೂಗಿಸಿ. ನಮ್ಮ ಕಡೆ ಇದು ಕೆಡುವುದು ಜೂನ್‌ನಲ್ಲಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ‘ಜೂನ್ 1’ ಹಿರಿಯರಲ್ಲಿ ಬಹಳ ಮಂದಿಗೆ ಇರುತ್ತದೆ; ನಾಲ್ಕೈದು ಜನ ಒಟ್ಟಿಗೆ ಎದ್ದರೆ ನಗು ಸಿಗುತ್ತದೆ, ಗಣಿತ ಸಾಯುತ್ತದೆ. ಆದ್ದರಿಂದ ಕಾಲೇಜು ಮಕ್ಕಳ ಮೇಲೆ ಮಾಡಿ, ‘ಮನೆಯಲ್ಲಿ ಕೇಕ್ ಕತ್ತರಿಸುವ ದಿನ’ವನ್ನೇ ಕೇಳಿ.

ವೇದಿಕೆಯ ಮೇಲೆ

ಒಂದು ಸಂಗತಿಗೆ ಮೂರು ನಿಮಿಷ. ಕೈಗಳನ್ನು ಎಣಿಸಿ ಬೋರ್ಡಿನಲ್ಲಿ ಬರೆಯಿರಿ, ಆಮೇಲೆ ಉತ್ತರ, ನಂತರ ಕಾರಣ. ಕಾರಣಕ್ಕೆ ಒಂದು ನಿಮಿಷ ಬಿಡಲೇಬೇಕು. ಅದಿಲ್ಲದ ಉತ್ತರ ಬರೀ ಬಾಯಿಪಾಠ. ಮೊದಲನೆಯದು ಸುಲಭದ್ದಿರಲಿ, ಅತ್ಯುತ್ತಮವಾದದ್ದು ಕೊನೆಗೆ.

ಪೆಂಡಾಲಿನ ಸೌಂಡಿನಲ್ಲಿ ಅರವತ್ತು, ಎಪ್ಪತ್ತು ಒಂದೇ ಥರ ಕೇಳಿಸುತ್ತವೆ, ಹಾಗಾಗಿ ಸಂಖ್ಯೆಗಳನ್ನೆಲ್ಲ ಬರೆದು ತೋರಿಸಿ. ಅಕ್ಷರದ ಎತ್ತರ ಹತ್ತು ಅಡಿ ದೂರಕ್ಕೆ ಒಂದು ಇಂಚು. ಕೊನೆಯ ಕುರ್ಚಿ ಅರವತ್ತು ಅಡಿಯಲ್ಲಿದ್ದರೆ ಆರು ಇಂಚು. ಸ್ಪೀಕರ್ ಬಾಕ್ಸುಗಳು ನಿಮಗಿಂತ ಮುಂದಿರಲಿ. ಜನರ ನಡುವೆ ಹೋಗುತ್ತಾ ಮೈಕನ್ನು ಬಾಕ್ಸಿನ ಎದುರಿಗೆ ಒಯ್ದರೆ ‘ಕೂಂಯ್’ ಎನ್ನುತ್ತದೆ, ಜನ ಕಿವಿ ಮುಚ್ಚಿಕೊಳ್ಳುತ್ತಾರೆ.

ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಕ್ಕೇ, ಅಂದರೆ ಸಂಬಂಧವಿಲ್ಲದ ಪ್ರಶ್ನೆ ಕೇಳಿ ಅವಧಾನಿಯನ್ನು ತಡೆಯುವುದಕ್ಕೇ, ಒಂದು ಕುರ್ಚಿಯಿದೆ. ಆ ಪದ್ಧತಿ ಇಲ್ಲಿಗೂ ಒಳ್ಳೆಯದು. ಚುರುಕು ನಾಲಗೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ‘ಅದ್ಹೇಗೆ ಸಾಧ್ಯ?’ ಎಂದು ತಡೆಯಲು ಹೇಳಿ. ಸಭೆಯ ಅನುಮಾನ ಅವರ ಬಾಯಲ್ಲಿ ಬರುತ್ತದೆ, ನಿಮಗೂ ಉಸಿರಾಡಲು ಬಿಡುವು. ಸಭೆಯಿಂದಲೇ ಯಾರಾದರೂ ‘ಅದು ತಪ್ಪು’ ಎಂದರೆ ವಾದಕ್ಕಿಳಿಯಬೇಡಿ. ಕಾರ್ಡಿನ ಹಿಂಭಾಗ ಓದಿ. ಆದರೂ ಒಪ್ಪದಿದ್ದರೆ ಕಾರ್ಯಕ್ರಮದ ನಂತರ ನೋಡೋಣ ಎನ್ನಿ.

ಎರಡು ಪ್ರಶ್ನೆ ಸತತವಾಗಿ ತಣ್ಣಗಾದರೆ ಮೂರನೆಯದನ್ನು ಬಿಟ್ಟು ಕೈಕಾವಲಿನ ಕಾರ್ಡ್ ತೆಗೆಯಿರಿ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧ. ಆರ್ಕೆಸ್ಟ್ರಾದವರಿಗೂ ಹೊತ್ತು ಬೇಕು. ಎಂಟಕ್ಕೆ ಶುರುಮಾಡಿದರೆ ಒಂಬತ್ತಕ್ಕೆ ಕಾಲು ಗಂಟೆ ಮೊದಲೇ ಮೈಕು ಅವರಿಗೆ ಬಿಟ್ಟುಕೊಡಬೇಕು.